ಒಂದು ಬಿಟ್ಟು ಒಂದು

ಏಳನೆಯ ಮೆಟ್ಟಿಲಿಗೆ ಇಳಿಯುವ ಹೊತ್ತಿಗೆ ತಾನು ಮಾಡುತ್ತಿರುವುದು ಏನೆಂಬುದು ಅವನಿಗೆ ಗೊತ್ತಾಗಿತ್ತು. ಆದರೂ ಕೈ ನಿಲ್ಲಲಿಲ್ಲ. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ, ಎಡಮೂಲೆಯಿಂದ ಬಲಕ್ಕೆ ಒಮ್ಮೆ ಎಳೆದು, ಮತ್ತೆ ಬಲದಿಂದ ಎಡಕ್ಕೆ ಹಗುರವಾಗಿ ಸವರಿ, ಆರನೆಯದಕ್ಕೆ ಇಳಿದ. ಹಾರ್ಡ್‌ವೇರ್ ಅಂಗಡಿಯವನು ಡಬ್ಬಿಯ ಮುಚ್ಚಳವನ್ನು ತಟ್ಟಿ ಕೂರಿಸುತ್ತಾ ಹೇಳಿದ್ದ: “ಒಂದು ಬಿಟ್ಟು ಒಂದು ಹೊಡೀರಿ ಸಾರ್. ಇವತ್ತು ಏಳು, ನಾಳೆ ಏಳು. ಎಲ್ಲಾ ಒಟ್ಟಿಗೆ ಹೊಡೆದ್ರೆ ಮೇಲಿದ್ದೋರು ಮೇಲೇ, ಕೆಳಗಿದ್ದೋರು ಕೆಳಗೇ.” ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕಿದ್ದರು, ಅವನೂ ನಕ್ಕಿದ್ದ. ಬೆಳಿಗ್ಗೆ ಹತ್ತೂವರೆಗೆ ಎಲ್ಲಕ್ಕಿಂತ ಮೇಲಿನ ಹದಿನಾಲ್ಕನೆಯ ಮೆಟ್ಟಿಲಿನಿಂದ ಶುರು ಮಾಡಿದಾಗ ಹಾಗೇ ಮಾಡಬೇಕೆಂದೂ ಇದ್ದ. ಆದರೆ ಹದಿನಾಲ್ಕು ಮುಗಿಸಿ ಹನ್ನೆರಡಕ್ಕೆ ಹೋಗುವಾಗ ಹದಿಮೂರರ ಮೇಲೆ ಎರಡು ಹನಿ ಬಿತ್ತು. ಒರೆಸಿದರೆ ಕಲೆ, ಬಿಟ್ಟರೆ ಗಂಟು. ಇದೊಂದನ್ನು ಹೊಡೆದುಬಿಡೋಣ ಎಂದುಕೊಂಡ. ಹನ್ನೊಂದರ ಮೇಲೆ ಹನಿ ಬಿದ್ದಿರಲಿಲ್ಲ. ಅದನ್ನೂ ಹೊಡೆದ.

ಅಕ್ಕ ಮೇಲೆ ತನ್ನ ಕೋಣೆಯಲ್ಲಿದ್ದಳು. ಬಣ್ಣದ ವಾಸನೆಗೆ ಬಾಗಿಲು ಹಾಕಿಕೊಂಡು, ರೇಡಿಯೋ ಹಚ್ಚಿಕೊಂಡು, ಸಂಜೆ ತೊಡುವ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ನಾಲ್ಕಕ್ಕೆ ಕನ್ನಡಕದಂಗಡಿಯವರು ಬಂದು ಅವಳನ್ನು ಕರೆದುಕೊಂಡು ಹೋಗುವವರಿದ್ದರು. ನಾಲ್ಕೂವರೆಗೆ ನೋಂದಣಿ ಕಚೇರಿಯಲ್ಲಿ ಅವರಿಬ್ಬರ ಮದುವೆ. ಅಕ್ಕನಿಗೆ ಅರವತ್ತೊಂದು, ಅವರಿಗೆ ಅರವತ್ನಾಲ್ಕು. ಮೂರು ಜನ ಸಾಕ್ಷಿ ಬೇಕಿತ್ತು. ಅವನ ಹೆಂಡತಿ ಒಬ್ಬಳು, ಕನ್ನಡಕದಂಗಡಿಯ ಪಕ್ಕದ ದರ್ಜಿ ಇನ್ನೊಬ್ಬ, ಮೂರನೆಯವರು ಕಚೇರಿಯಲ್ಲೇ ಯಾರಾದರೂ ಸಿಗಬಹುದೆಂದು ಬಿಟ್ಟಿದ್ದರು. ಹತ್ತು ದಿನದ ಹಿಂದೆ ಊಟದ ಮೇಜಿನಲ್ಲಿ ಅಕ್ಕ ತಟ್ಟೆಯಿಂದ ತಲೆ ಎತ್ತದೆ “ನೀನು ಬಂದು ಒಂದು ಸಹಿ ಹಾಕ್ತೀಯಲ್ವೇನೋ?” ಎಂದು ಕೇಳಿದಾಗ, ಅವನ ಬಾಯಿಗೆ ಬಂದದ್ದು “ಆವತ್ತು ಮೆಟ್ಟಿಲಿನ ಕೆಲಸ ಇಟ್ಕೊಂಡಿದೀನಿ, ರಜೆ ಹಾಕಿದೀನಿ” ಎಂಬ ಮಾತು. ಆಗಿನ್ನೂ ರಜೆ ಹಾಕಿರಲಿಲ್ಲ, ಬಣ್ಣವನ್ನೂ ಕೊಂಡಿರಲಿಲ್ಲ. ಹೇಳಿದ ತಪ್ಪಿಗೆ ಎರಡನ್ನೂ ಮಾಡಬೇಕಾಯಿತು. ಹೆಂಡತಿ “ಮೆಟ್ಟಿಲೇನು ಓಡಿಹೋಗಲ್ಲ ಕಣ್ರೀ, ಮಾರನೇ ದಿನ ಮಾಡಿದ್ರಾಯ್ತು” ಅಂದಳು. “ಓಡಿಹೋಗೋರು ಓಡಿಹೋಗ್ತಿದಾರಲ್ಲ, ಸಾಕು” ಅಂದುಬಿಟ್ಟ. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಅಕ್ಕ ಎದ್ದು ತಟ್ಟೆ ತೊಳೆದಿಟ್ಟು, ದಿನಾ ಹೇಳುವಂತೆ “ಮಲಗ್ತೀನಿ” ಎಂದು ಹೇಳಿ ಮೆಟ್ಟಿಲು ಹತ್ತಿ ಹೋದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳು ಜಗಳವಾಡುವವಳಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರವರ ಜಗಳಗಳಿಗೆ ತಂತಿ ಜೋಡಿಸಿಕೊಟ್ಟವಳು.

ಬಸ್ ಡಿಪೋದ ವೇಳಾಪಟ್ಟಿ ವಿಭಾಗದಲ್ಲಿ ಅವನದು ಇಪ್ಪತ್ತೇಳು ವರ್ಷದ ಕೆಲಸ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ನಿಲ್ದಾಣದಲ್ಲಿ ಎಷ್ಟು ನಿಮಿಷ ನಿಲ್ಲಬೇಕು, ಒಂದು ತಡವಾದರೆ ಅದರ ಹಿಂದೆ ಬರುವ ಎಷ್ಟು ತಡವಾಗುತ್ತವೆ ಎಂಬುದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ಡಬ್ಬಿಯ ಮೇಲೆ ಕಪ್ಪು ಅಕ್ಷರದಲ್ಲಿ ಮುಟ್ಟಲು ಆರು ಗಂಟೆ, ತುಳಿಯಲು ಇಪ್ಪತ್ನಾಲ್ಕು ಗಂಟೆ ಎಂದು ಬರೆದಿತ್ತು. ಲೆಕ್ಕ ತಪ್ಪಿತು ಎಂದು ಜಗತ್ತಿನಲ್ಲಿ ಯಾರು ಹೇಳಿದರೂ ನಂಬಬಹುದು, ಅವನು ಹೇಳುವ ಹಾಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಐದನೆಯ ಮೆಟ್ಟಿಲು, ನಾಲ್ಕನೆಯದು. ಬಣ್ಣ ಚೆನ್ನಾಗಿ ಕೂರುತ್ತಿತ್ತು, ಕಡು ಕಂದು, ಹಳೆಯ ಬೂದು ಎಲ್ಲೂ ಇಣುಕುತ್ತಿರಲಿಲ್ಲ. ಮೊನ್ನೆಯೆಲ್ಲ ಕೂತು ಉಪ್ಪುಕಾಗದದಿಂದ ತಿಕ್ಕಿದ್ದು ಸಾರ್ಥಕವಾಯಿತು ಎಂದು ಖುಷಿಯೂ ಆಯಿತು, ಮತ್ತು ಈ ಹೊತ್ತಿನಲ್ಲಿ ಖುಷಿಪಡುತ್ತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮೂರು. ಎರಡು. ಒಂದು.

ಈ ಬಣ್ಣದ ಹುಚ್ಚು ಹತ್ತಿದ್ದೂ ಕನ್ನಡಕದವರಿಂದಲೇ. ಎರಡು ತಿಂಗಳ ಹಿಂದೆ ಅಕ್ಕ ಅವರನ್ನು ಮೊದಲ ಸಲ ಮನೆಗೆ ಕರೆತಂದಾಗ, ಇದೇ ಪ್ಯಾಸೇಜಿನಲ್ಲಿ, ಚಪ್ಪಲಿ ಬಿಡುವ ಜಾಗದಲ್ಲಿ, ಅವರು ಅವನ ಮುಖವನ್ನು ಒಂದು ಕ್ಷಣ ದಿಟ್ಟಿಸಿ “ಒಂದ್ನಿಮಿಷ ಕೊಡ್ತೀರಾ?” ಎಂದವರೇ, ಉತ್ತರಕ್ಕೂ ಕಾಯದೆ, ಅವನ ಮೂಗಿನ ಮೇಲಿದ್ದ ಕನ್ನಡಕ ತೆಗೆದುಕೊಂಡು, ಎಡಗಡೆಯ ಕಡ್ಡಿಯನ್ನು ಎರಡು ಬೆರಳಿನಿಂದ ಬಗ್ಗಿಸಿ, ಅಂಗಿಯ ತುದಿಯಿಂದ ಗಾಜು ಒರೆಸಿ, ಮತ್ತೆ ಅವನ ಕಿವಿಗೆ ಸಿಕ್ಕಿಸಿದ್ದರು. “ಈಗ ನೋಡಿ, ನೆಟ್ಟಗಾಯ್ತು.” ನೆಟ್ಟಗೇನೋ ಆಗಿತ್ತು. ವರ್ಷದಿಂದ ಓರೆಯಾಗಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ. ಐವತ್ತಮೂರು ವರ್ಷದ ಗಂಡಸಿನ ಮುಖಕ್ಕೆ, ಅವನದೇ ಮನೆಯಲ್ಲಿ, ಹೀಗೆ ಕೈ ಹಾಕುವುದೆಂದರೇನು? ಹೆಂಡತಿ ಬೇರೆ ನಗುತ್ತಾ ನಿಂತಿದ್ದಳು. ಅದಕ್ಕಿಂತ ಕೆಟ್ಟದ್ದೆಂದರೆ, ನೆಟ್ಟಗಾದ ಕನ್ನಡಕದಲ್ಲಿ ಆ ಕ್ಷಣ ಅವನಿಗೆ ಕಂಡದ್ದು ತನ್ನ ಮನೆಯ ಕೊಳೆ. ಗೋಡೆಯ ಉದ್ದಕ್ಕೂ ಸೈಕಲ್ ಹ್ಯಾಂಡಲು ಕೆರೆದ ಗೀರು, ನೆಲದಂಚಿನ ಸ್ಕರ್ಟಿಂಗ್ ಹಲಗೆಗಳ ಮೇಲೆ ಒದ್ದ ಬೂಟಿನ ಗುರುತು, ಮೂಲೆಯಲ್ಲಿ ಹಲಗೆ ಗೋಡೆ ಬಿಟ್ಟು ಬಾಯಿ ತೆರೆದದ್ದು, ಮೆಟ್ಟಿಲು ತಿರುಗುವ ಕಡೆ ಗೋಡೆಯ ಮೇಲೆ ಅಂಗೈಯಗಲದ ಎಣ್ಣೆಜಿಡ್ಡಿನ ಕಪ್ಪು. ಕನ್ನಡಕದವರು ಅದನ್ನೆಲ್ಲ ನೋಡಿದರೋ ಇಲ್ಲವೋ, ಕೂತು ಚಹಾ ಕುಡಿದು, ಚೆನ್ನಾಗಿದೆ ಎಂದು ಹೊಗಳಿ ಹೋದರು. ಅವನಿಗೆ ಮಾತ್ರ ಅವತ್ತಿನಿಂದ ಪ್ಯಾಸೇಜಿನಲ್ಲಿ ಓಡಾಡಿದಾಗೆಲ್ಲ ಆ ಗೀರುಗಳೇ ಕಾಣುತ್ತಿದ್ದವು. ಕಳೆದ ವಾರ ಗೋಡೆಗೆ ಎರಡು ಕೋಟು ಹೊಡೆದ. ಗೀರುಗಳಿಗೆ ಪುಟ್ಟಿ ತುಂಬಿದ. ಎಲ್ಲ ಮುಚ್ಚಿತು, ಆ ತಿರುವಿನ ಜಿಡ್ಡು ಮಾತ್ರ ಬಿಳಿಯ ಅಡಿಯಿಂದ ಮತ್ತೆ ಹಳದಿಯಾಗಿ ಎದ್ದು ಬಂತು. ಅದು ಅಕ್ಕನ ಕೈ. ರಾತ್ರಿ ಪಾಳಿಗೆ ಹೋಗುವಾಗ ಬೇರೆಯವರಿಗೆ ಎಚ್ಚರವಾದೀತೆಂದು ದೀಪ ಹಾಕದೆ ಗೋಡೆ ಹಿಡಿದು ಇಳಿಯುತ್ತಿದ್ದಳು. ಮೂರನೆಯ ಕೋಟು ಹೊಡೆದ ಮೇಲೂ ಅದು ಹೋಗಲಿಲ್ಲ.

ಹನ್ನೆರಡೂವರೆಗೆ ಮೇಲೆ ರೇಡಿಯೋ ನಿಂತಿತು, ಬಾಗಿಲು ತೆರೆಯಿತು. ಅವನು ಕೆಳಗೆ ಪ್ಯಾಸೇಜಿನ ನೆಲದಲ್ಲಿ ಬೆನ್ನು ತಿರುಗಿಸಿ ಕೂತು ಸ್ಕರ್ಟಿಂಗ್ ಹಲಗೆಯ ಮೇಲಂಚಿಗೆ ಟೇಪು ಅಂಟಿಸುತ್ತಿದ್ದ. ಚಪ್ಪಲಿಯ ಸದ್ದು ಹದಿನಾಲ್ಕನೆಯ ಮೆಟ್ಟಿಲಿನವರೆಗೆ ಬಂದು ನಿಂತಿತು.

“ಎಲ್ಲಾ ಹೊಡೆದ್ಬಿಟ್ಟೆಯೇನೋ?”

“ಹ್ಞೂಂ.”

“ಎಲ್ಲಾನೂ?”

“ಎಲ್ಲಾನೂ.”

“ಒಣಗೋದು ಎಷ್ಟು ಹೊತ್ತಿಗೆ?”

ಟೇಪನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದ. “ಆರೂವರೆ, ಏಳು. ಗಾಳಿ ಇದ್ರೆ ಸ್ವಲ್ಪ ಬೇಗ.”

“ಬಸ್ಸಿಗೆ ಟೈಮ್ ಹಾಕೋನು ನೀನು” ಅಂದಳು ಅಕ್ಕ. ಕೋಪದಿಂದಲ್ಲ, ಎಕ್ಸ್‌ಚೇಂಜಿನಲ್ಲಿ ‘ಲೈನ್ ಸಿಗುತ್ತಿಲ್ಲ’ ಎಂದು ತಿಳಿಸುತ್ತಿದ್ದ ದನಿಯಲ್ಲಿ. ಆಮೇಲೆ ಬಾಗಿಲು ಹಾಕಿದ ಸದ್ದು.

ಮಾರುಕಟ್ಟೆಯಿಂದ ಬಂದ ಹೆಂಡತಿ ಚೀಲವನ್ನು ಕೆಳಗಿಡುವುದಕ್ಕೂ ಮರೆತು ಮೆಟ್ಟಿಲುಗಳನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. “ನಿಮ್ಗೆ ತಲೆ ನೆಟ್ಟಗಿದೆಯೇನ್ರೀ?” ಅವನು ಹನಿ ಬಿದ್ದ ಕತೆ ಹೇಳತೊಡಗಿದ. ಹದಿಮೂರನೆಯದು ಹೇಗಾಯಿತೆಂದು ಹೇಳಿದ. ಹನ್ನೊಂದಕ್ಕೆ ಬರುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆಗಳು ಮಾಮೂಲಿಗಿಂತ ಜೋರಾಗಿ ಮಾತಾಡಿದವು. ಮಧ್ಯಾಹ್ನದ ಊಟವನ್ನು ಅಕ್ಕನಿಗೆ ತಲುಪಿಸಿದ್ದು ಹಗ್ಗದಲ್ಲಿ. ಅಕ್ಕ ಮೇಲಿನ ರೇಲಿಂಗಿನಿಂದ ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದು ಕೈಚೀಲ ಕಟ್ಟಿ ಇಳಿಬಿಟ್ಟಳು, ಹೆಂಡತಿ ಡಬ್ಬಿಯನ್ನು ಅದರಲ್ಲಿಟ್ಟು “ಎಳೀರಿ ಅಕ್ಕಾ, ನಿಧಾನ” ಅಂದಳು. ಎಳೆಯುವಾಗ ಇಬ್ಬರಿಗೂ ನಗು. ಅವನು ತಲೆಯ ಮೇಲೆ ತೂಗುತ್ತಾ ಹೋದ ಚೀಲವನ್ನು ನೋಡುತ್ತಾ ಕೂತಿದ್ದ. ತನ್ನನ್ನು ಯಾರೂ ಬೈಯುತ್ತಿಲ್ಲವಲ್ಲ ಎಂಬುದು ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತಿತ್ತು. ಹಾಗೆಯೇ ಅಕ್ಕನ ಎರಡು ಚೀಲ, ಒಂದು ಪೆಟ್ಟಿಗೆ, ರೇಡಿಯೋ ಕೆಳಗಿಳಿದವು. ರೇಡಿಯೋ ಇಳಿಯುವಾಗ ಹೆಂಡತಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು “ಇದನ್ನಾದ್ರೂ ಸ್ವಲ್ಪ ಆ ಕಡೆ ಇಡಿ” ಎಂದು ಅವನಿಗೆ ಕೊಟ್ಟಳು. ಅಕ್ಕ ಹೋಗುತ್ತಿರುವುದು ದೂರದೂರಿಗೇನಲ್ಲ. ನಾಲ್ಕು ಬೀದಿ ಆಚೆ, ಕನ್ನಡಕದಂಗಡಿಯ ಹಿಂದಿನ ಎರಡು ಕೋಣೆಗೆ. ನಡೆದರೆ ಒಂಬತ್ತು ನಿಮಿಷ. ಇದನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಆ ಒಂಬತ್ತು ನಿಮಿಷ ಚಿಕ್ಕದಾಗಲಿಲ್ಲ.

ಮಧ್ಯಾಹ್ನವಿಡೀ ಸ್ಕರ್ಟಿಂಗಿಗೆ ಬಿಳಿ ಬಣ್ಣ ಹೊಡೆದ. ಅಂಗೈಯಗಲದ ಹಲಗೆ, ನೆಲದ ಮೇಲೆ ಪಕ್ಕವಾಗಿ ಮಲಗಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಹೊಡೆಯಬೇಕು. ಹಾಗೆ ಮಲಗಿದಾಗ ಮನೆ ಬೇರೆ ಯಾರದೋ ಅನ್ನಿಸುತ್ತದೆ. ಜನ ಏನೆಂದುಕೊಂಡಾರು ಎಂಬ ಒಂದು ಹೆದರಿಕೆ ಬಿಟ್ಟರೆ ತನಗೆ ಈ ಮದುವೆಯ ಮೇಲೆ ಇರುವ ತಕರಾರಾದರೂ ಏನು ಎಂದು ಯೋಚಿಸಿದ. ಕನ್ನಡಕದವರು ಒಳ್ಳೆಯವರು. ಅಕ್ಕನ ಮುಖದಲ್ಲಿ ಈಚೆಗೆ ಒಂದು ಹೊಳಪಿದೆ, ಕುರುಡನಿಗೂ ಕಾಣುತ್ತದೆ. ಹಾಸ್ಟೆಲಿನಿಂದ ಮಗಳು ಫೋನು ಮಾಡಿ “ಪರೀಕ್ಷೆ ಇಲ್ದಿದ್ರೆ ನಾನೇ ಬಂದು ಸಹಿ ಹಾಕ್ತಿದ್ದೆ, ನೀನು ಮುಖ ಊದಿಸ್ಕೊಂಡು ಕೂರ್ಬೇಡಪ್ಪ” ಅಂದಿದ್ದಳು. ಜನ ನಗುತ್ತಾರೆ, ಅಷ್ಟೇ. ಕಚೇರಿಯಲ್ಲಿ ರಜೆಯ ಅರ್ಜಿ ಕೊಟ್ಟಾಗ ಟಿಕೆಟ್ ವಿಭಾಗದವನು “ಏನ್ ಸಾರ್, ಮನೇಲಿ ಮದುವೆಯಂತೆ? ಮಗಳದ್ದಾ? ಹೇಳ್ಲೇ ಇಲ್ಲ!” ಎಂದು ಎಲ್ಲರೆದುರು ಕೂಗಿದ. ಹತ್ತು ತಲೆ ಇವನ ಕಡೆ ತಿರುಗಿದವು. “ಇಲ್ಲಪ್ಪ, ಯಾರೋ ನೆಂಟರು. ದೂರದವರು” ಅಂದ. ದೂರದವರು! ಅಮ್ಮ ಹೋದಾಗ ಅವನಿಗೆ ಹನ್ನೊಂದು, ಅಕ್ಕನಿಗೆ ಹತ್ತೊಂಬತ್ತು. ರಾತ್ರಿಪಾಳಿ ಮುಗಿಸಿ ಬಂದು ಅವನ ತಲೆ ಬಾಚಿ ಶಾಲೆಗೆ ಕಳಿಸಿ ಆಮೇಲೆ ಮಲಗುತ್ತಿದ್ದಳು. ವೇಳಾಪಟ್ಟಿ ವಿಭಾಗದ ಪರೀಕ್ಷೆಗೆ ಮೂರು ಸಲ ಕೂರಿಸಿದವಳು ಅವಳೇ. ಎರಡು ಸಲ ನಪಾಸಾದಾಗ ಊರವರಿಗೆ ಗೊತ್ತಾಗದ ಹಾಗೆ ನೋಡಿಕೊಂಡವಳೂ ಅವಳೇ. ಅವನ ಮಾನ ಕಾಯಲು ಅವಳು ಸುಳ್ಳು ಹೇಳಿದ್ದಳು. ಅವನೂ ಅವಳ ವಿಷಯಕ್ಕೆ ಸುಳ್ಳು ಹೇಳಿದ, ಕಾದದ್ದು ಮಾತ್ರ ತನ್ನ ಮಾನವನ್ನೇ.

ಆ ಸುಳ್ಳು ಮೊದಲನೆಯದೂ ಅಲ್ಲ. ಬ್ರಷ್ಷು ಬಾಗಿಲಿನ ಚೌಕಟ್ಟಿನ ಹತ್ತಿರ ಬಂದಾಗ, ಬೇಡವೆಂದರೂ, ಡ್ರಾಯಿಂಗ್ ಮೇಷ್ಟ್ರು ನೆನಪಿನಲ್ಲಿ ಬಂದು ನಿಂತರು. ಆಗ ಅವನು ಡಿಪೋದ ಕೆಲಸಕ್ಕೆ ಸೇರಿ ತಿಂಗಳಾಗಿತ್ತು. ಅವನು ಇಲ್ಲೇ, ಈ ಹಲಗೆಗೆ ಸೈಕಲ್ ಒರಗಿಸಿ ಪಂಕ್ಚರ್ ಹಾಕುತ್ತಿದ್ದ. ಹೆಣ್ಣುಮಕ್ಕಳ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಒಗೆದ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಒಂದು ಸುರುಳಿ ಕಾಗದ ಹಿಡಿದು, ಹೊಸ್ತಿಲಾಚೆ ನಿಂತು “ಅಕ್ಕ ಇದಾರಾ?” ಎಂದು ಕೇಳಿದರು. ಅಕ್ಕನಿಗೆ ಅವತ್ತು ರಜೆ, ಮೇಲೆ ಕೋಣೆಯಲ್ಲಿದ್ದಳು. “ಇಲ್ಲ, ಡ್ಯೂಟಿ” ಅಂದ. ಯಾಕೆ ಅಂದ? ಇಪ್ಪತ್ತೇಳು ವರ್ಷವಾದರೂ ಅದಕ್ಕೊಂದು ನೆಟ್ಟಗಿನ ಉತ್ತರ ಸಿಕ್ಕಿಲ್ಲ. ಮನೆಯಲ್ಲಿ ಎಲ್ಲ ಸರಿಯಾಗಿ ನಡೆದಿತ್ತು. ನಡೆದದ್ದು ಹಾಗೇ ನಡೆಯಲಿ ಅನ್ನಿಸಿತು, ಅಷ್ಟೇ. ಮೇಷ್ಟ್ರು ಒಂದು ಸಲ ಮೆಟ್ಟಿಲಿನ ಕಡೆ ನೋಡಿದರು. “ಬಂದಿದ್ದೆ ಅಂತ ಹೇಳಿ” ಅಂದರು. ಅವನು ಹೇಳಲಿಲ್ಲ. ಮುಂದಿನ ವರ್ಷ ಅವರಿಗೆ ವರ್ಗವಾಯಿತು. ಅವರು ಕೇಳಲು ಬಂದದ್ದು ಮದುವೆಯ ಮಾತೋ ಅಥವಾ ಟೆಲಿಫೋನ್ ಅರ್ಜಿಯ ಮಾತೋ, ಅದೂ ಗೊತ್ತಿಲ್ಲ. ಸುರುಳಿಯಲ್ಲಿ ಏನಿತ್ತೋ. ಅವನಿಗೆ ಮದುವೆಯಾಗಿ, ಮಗಳು ಹುಟ್ಟಿ, ಆ ಮಗಳನ್ನು ಅಕ್ಕ ಇದೇ ಮೆಟ್ಟಿಲ ಮೇಲೆ ಕೈಹಿಡಿದು ಹತ್ತಿಸಿ ಇಳಿಸಿ ಆಡಿಸುವುದನ್ನು ನೋಡುವಾಗೆಲ್ಲ, ಇದೇ ಸುಖವಲ್ಲವೇ ಎಂದು ಸಮಾಧಾನ ಹೇಳಿಕೊಂಡಿದ್ದ. ಇವತ್ತು ಹದಿನಾಲ್ಕು ಮೆಟ್ಟಿಲುಗಳನ್ನು ಒಟ್ಟಿಗೆ ಬಳಿದ ಕೈಯೂ ಅವತ್ತಿನದೇ ಎಂದು ಮನಸ್ಸಿಗೆ ಬಂದಾಗ ಬ್ರಷ್ಷು ಟೇಪು ದಾಟಿ ಗೋಡೆಗೆ ತಾಗಿತು. ಬೆರಳಿನಿಂದಲೇ ಒರೆಸಿದ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಕನ್ನಡಕದವರು ಬಂದರು. ಇಸ್ತ್ರಿಯ ಗೆರೆ ಎದ್ದು ಕಾಣುವ ಅಂಗಿ, ಹೊಸ ಚಪ್ಪಲಿ. ಜೊತೆಯಲ್ಲಿ ದರ್ಜಿ, ಕುತ್ತಿಗೆಯಲ್ಲಿ ಮರೆತು ಹಾಗೇ ಉಳಿದ ಅಳತೆಯ ಟೇಪು. “ಹುಷಾರು, ಎಲ್ಲಾ ಹಸಿ!” ಎಂದು ಹೆಂಡತಿ ಕೂಗಿದ್ದರಿಂದ ಇಬ್ಬರೂ ಪ್ಯಾಸೇಜಿನ ನಡುವೆ ಮೈ ಸಣ್ಣದು ಮಾಡಿಕೊಂಡು ನಿಂತರು. ಕನ್ನಡಕದವರು ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಮೇಲೆ ಅಕ್ಕ ಸಿದ್ಧವಾಗಿ ನಿಂತಿದ್ದಳು.

“ಕೆಲಸ ಅಂದ್ರೆ ಹೀಗಿರಬೇಕು” ಅಂದರು ಕನ್ನಡಕದವರು. ಕುಹಕವೋ ಎಂದು ಅವನು ಮುಖ ನೋಡಿದ. ಅಲ್ಲ. “ಒಂದು ಗೆರೆ ಕಾಣಲ್ಲ ನೋಡಿ. ಪಕ್ಕದ ಮನೇಲಿ ಏಣಿ ಇದ್ರೆ, ಹಿಂದಿನ ಕಿಟಕಿಗೆ ಹಾಕಿ...”

“ಏಣಿ ಬೇಡ” ಅಂದಳು ಅಕ್ಕ ಮೇಲಿನಿಂದ. “ಕಿಟಕೀಲಿ ಇಳಿದು ಓಡಿಹೋದ್ಳು ಅನ್ನಿಸ್ಕೊಳ್ಳೋ ವಯಸ್ಸಲ್ಲ ನಂದು.”

ದರ್ಜಿ ನಕ್ಕ. ಹೆಂಡತಿ ನಗಲಿಲ್ಲ, ಗಂಡನನ್ನು ನೋಡಿದಳು. ಆಗ ಅವನು, ಕೈಯಲ್ಲಿ ಬ್ರಷ್ಷು ಹಿಡಿದುಕೊಂಡೇ, ಬೆಳಿಗ್ಗೆ ಹತ್ತೂವರೆಯಿಂದ ಗಂಟಲಲ್ಲಿ ಕೂತಿದ್ದ ಮಾತನ್ನು ಹೇಳಿಬಿಟ್ಟ: “ಮುಂದಕ್ಕೆ ಹಾಕಬಹುದಲ್ವಾ. ಇವತ್ತು ತಪ್ಪಿದ್ರೆ ಮೂರು ವಾರಕ್ಕೆ ಮತ್ತೆ ದಿನ ಕೊಡ್ತಾರಂತೆ.”

ತನ್ನ ದನಿ ತನಗೇ ಅಸಹ್ಯವಾಗಿ ಕೇಳಿಸಿತು. ಕನ್ನಡಕದವರು ಮೇಲೆ ನೋಡಿ ಮೆಲ್ಲಗೆ “ಕೊಡ್ತಾರೆ. ನಮಗೇನು, ಅವಸರ ಇಲ್ಲ. ನೀವು ಹೇಗೆ ಹೇಳಿದ್ರೆ ಹಾಗೆ” ಅಂದರು.

ಅಕ್ಕ ಬಗ್ಗಿ ಚಪ್ಪಲಿ ಕಳಚಿ ಎಡಗೈಯಲ್ಲಿ ಹಿಡಿದುಕೊಂಡಳು. “ಲೋ,” ಅಂದಳು, ತಮ್ಮನಿಗೆ. “ಆ ಡ್ರಾಯಿಂಗ್ ಮೇಷ್ಟ್ರು ಬಂದ ದಿನ ನಾನು ಇಲ್ಲೇ, ಈ ಜಾಗದಲ್ಲೇ ನಿಂತಿದ್ದೆ. ನೀನು ಇಲ್ಲ ಅಂದಿದ್ದು ಕೇಳಿಸ್ತು. ಬಂದಿದ್ದೆ ಅಂತ ಹೇಳಿ ಅಂತ ಅವರು ಅಂದಿದ್ದೂ ಕೇಳಿಸ್ತು.”

ಅವನು ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡಲಾಗಿ ಇಟ್ಟ.

“ನಿನ್ನ ಮೇಲೆ ಕೋಪ ಇಲ್ಲ ಕಣೋ. ಆವತ್ತು ಮೆಟ್ಟಿಲು ಒಣಗೇ ಇತ್ತು. ಇಳೀದೆ ನಿಂತೋಳು ನಾನೇ.”

ಅಷ್ಟು ಹೇಳಿ ಅವಳು ಹಸಿ ಬಣ್ಣದ ಮೇಲೆ ಬಲಗಾಲು ಇಟ್ಟಳು. ಪಚಕ್ ಎಂದು ಸಣ್ಣ ಸದ್ದಾಯಿತು. ಕಾಲೆತ್ತಿ ಹದಿಮೂರಕ್ಕೆ ಇಟ್ಟಾಗ ಹದಿನಾಲ್ಕರ ಮೇಲೆ ಐದು ಬೆರಳು, ಹಿಮ್ಮಡಿ ಎಲ್ಲ ಹಳೆಯ ಬೂದಿನಲ್ಲಿ ಎದ್ದು ಕಂಡವು. ಹನ್ನೆರಡು. ಹನ್ನೊಂದು. ಮೂರು ದಿನದ ಕೆಲಸ ಕಣ್ಣೆದುರು ಹಾಳಾಗುತ್ತಿತ್ತು, ಮತ್ತು ಅವನಿಗೆ ಅದರ ಬಗ್ಗೆ ಏನೂ ಅನ್ನಿಸಲಿಲ್ಲ. ಅವನಿಗೆ ಅನ್ನಿಸಿದ್ದು ಒಂದೇ, ಎನಾಮಲ್ ಬಣ್ಣ ಎಣ್ಣೆಯಷ್ಟು ಜಾರುತ್ತದೆ. “ರೇಲಿಂಗ್ ಹಿಡ್ಕೋ!” ಎಂದು ಕೂಗಿದ. “ಅದು ನಿನ್ನೇನೇ ಒಣಗಿದೆ, ಹಿಡ್ಕೋ!” ಅವಳು ಹಿಡಿದಳು. ಎಂಟನೆಯ ಮೆಟ್ಟಿಲಿನ ಅಂಚಿನಲ್ಲಿ ಅವಳ ಹಿಮ್ಮಡಿ ಜಾರಿತು, ಚಪ್ಪಲಿಗಳು ಕೈತಪ್ಪಿ ಉರುಳಿದವು. ಅವನು ಯಾವಾಗ ಹತ್ತಿದನೋ ತಿಳಿಯಲಿಲ್ಲ. ಏಳನೆಯ ಮೆಟ್ಟಿಲಿನಲ್ಲಿ ಬರಿಗಾಲಲ್ಲಿ ನಿಂತು ಅವಳ ಮೊಣಕೈ ಹಿಡಿದುಕೊಂಡಿದ್ದ. ಅವಳ ತೋಳಿನ ಮೇಲೆ ಅವನ ಬೆರಳಿನ ಬಿಳಿ ಅಚ್ಚು ಬಿತ್ತು. “ಬಟ್ಟೆಗೆ ತಾಗಿಸ್ಬೇಡ್ವೋ, ಈಗ ತಾನೇ ಇಸ್ತ್ರಿ ಮಾಡಿದೀನಿ” ಅಂದಳು. ಅವನು ಕೈಯನ್ನು ಆದಷ್ಟು ದೂರ ಚಾಚಿ ಹಿಡಿದು, ಹಿಂದುಹಿಂದಕ್ಕೆ, ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬಂದ. ಮಧ್ಯೆ ಎಲ್ಲೂ ಅವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಕಾಲು ನೋಡುವುದೇ ಸಾಕಾಗಿತ್ತು.

ಕೆಳಗೆ ಬಂದವಳನ್ನು ಹೆಂಡತಿ ಕುರ್ಚಿಯಲ್ಲಿ ಕೂರಿಸಿದಳು. ಅವನು ಟರ್ಪೆಂಟೈನ್ ಬಾಟಲಿ, ಹಳೆ ಬನಿಯನ್ ತಂದು ಅವಳೆದುರು ನೆಲದ ಮೇಲೆ ಕೂತು, ಅವಳ ಬಲಗಾಲನ್ನು ತನ್ನ ಮಂಡಿಯ ಮೇಲೆ ಇಟ್ಟುಕೊಂಡ. ಅಂಗಾಲು ಪೂರ್ತಿ ಕಂದು. ಬನಿಯನ್ ಅದ್ದಿ ಒರೆಸಿದ, ಮಡಿಸಿ ಇನ್ನೊಂದು ಕಡೆಯಿಂದ ಒರೆಸಿದ. ಹಿಮ್ಮಡಿಯ ಬಿರುಕಿನಲ್ಲಿ ಬಣ್ಣ ಕೂತುಬಿಟ್ಟಿತ್ತು. ಒತ್ತಿದರೆ ಅವಳಿಗೆ ಉರಿ, ಒತ್ತದಿದ್ದರೆ ಹೋಗುವುದಿಲ್ಲ. ಅಕ್ಕನ ಅಂಗಾಲನ್ನು ಇಷ್ಟು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಇಷ್ಟು ದೊಡ್ಡ ಆಣಿಯಿದೆ, ಇದನ್ನಿಟ್ಟುಕೊಂಡು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಿದ್ದಳು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಅಳು ಬಂತು. ಕನ್ನಡಕದವರು ಅಲ್ಲೇ ನಿಂತಿದ್ದರು, ದರ್ಜಿ ನಿಂತಿದ್ದ, ಆದರೂ ಬಂತು. ಕೈಯಲ್ಲೆಲ್ಲ ಬಣ್ಣವಿದ್ದುದರಿಂದ ಕಣ್ಣು ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

“ತಪ್ಪಾಯ್ತು ಅಕ್ಕಾ.”

“ಬೆರಳ ಸಂದೀಲಿ ಇನ್ನೂ ಇದೆ ನೋಡು” ಅಂದಳು ಅಕ್ಕ. “ಮೆಲ್ಲಗೆ. ಕಚಗುಳಿ ಆಗುತ್ತೆ.”

ಇನ್ನೊಂದು ಕಾಲು ಮುಗಿಯುವಾಗ ನಾಲ್ಕೂ ಹದಿನೈದು. ಕನ್ನಡಕದವರು ಚಪ್ಪಲಿಗಳನ್ನು ಎತ್ತಿ ತಂದು, ತಮ್ಮ ಕರವಸ್ತ್ರದಿಂದ ಒರೆಸಿ, ಜೋಡಿಸಿ ಅವಳ ಮುಂದಿಟ್ಟರು. ಅವನು ತನ್ನ ಕಾಲು ಒರೆಸಿಕೊಳ್ಳದೆ ಹಾಗೇ ಹಳೇ ಚಪ್ಪಲಿಗೆ ತೂರಿಸಿದ. “ನಡೀರಿ, ಹತ್ತು ನಿಮಿಷದ ದಾರಿ” ಅಂದ.

“ನೀವೆಲ್ಲಿಗೆ?” ಅಂದಳು ಹೆಂಡತಿ. “ಹೀಗೇನಾ? ಮುಖ ನೋಡ್ಕೊಂಡಿದೀರಾ?”

“ಹೀಗೇ ಬರ್ತೀನಿ. ಬಟ್ಟೆ ಬದಲಾಯಿಸ್ತಾ ಕೂತ್ರೆ ನಾಲ್ಕೂವರೆ ತಪ್ಪುತ್ತೆ.” ಅಕ್ಕನ ಪೆಟ್ಟಿಗೆಯನ್ನು ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಬೀದಿಗಿಳಿದ.

ಬೀದಿಯಲ್ಲಿ ಜನ ನೋಡಿದರು. ಹಾರ್ಡ್‌ವೇರ್ ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬಗ್ಗಿ “ಆಯ್ತಾ ಸಾರ್ ಮೆಟ್ಟಿಲು?” ಎಂದು ಕೇಳಿದ. “ಆಯ್ತು, ಮತ್ತೆ ಮಾಡ್ಬೇಕು” ಎಂದು ನಿಲ್ಲದೆ ನಡೆದ. ನೋಂದಣಿ ಕಚೇರಿಯ ಉದ್ದನೆಯ ಕೋಣೆಯಲ್ಲಿ ಎರಡು ಬೆಂಚು ತುಂಬ ಹುಡುಗ ಹುಡುಗಿಯರು, ಅವರ ಗೆಳೆಯರು, ಗುಸುಗುಸು. ನಡುವೆ ಇವರು ಐದು ಜನ ಹೋಗಿ ನಿಂತಾಗ ಟರ್ಪೆಂಟೈನ್ ವಾಸನೆಗೆ ಒಬ್ಬಳು ಮೂಗು ಮುಚ್ಚಿಕೊಂಡಳು. ಗುಮಾಸ್ತ ಕಾಗದಗಳಿಂದ ತಲೆಯೆತ್ತದೆ ಕನ್ನಡಕದವರ ಹೆಸರು ಕರೆದ, ದರ್ಜಿಯಿಂದ ಸಹಿ ಹಾಕಿಸಿಕೊಂಡ, ಆಮೇಲೆ ದಿನಕ್ಕೆ ಇಪ್ಪತ್ತು ಸಲ ಕೇಳುವ ಅಭ್ಯಾಸದಲ್ಲಿ ಗಟ್ಟಿಯಾಗಿ ಕೇಳಿದ:

“ಹುಡುಗಿ ಕಡೆಯವರು ಯಾರ್ರೀ?”

ಬೆಂಚುಗಳಲ್ಲಿ ಕೆಲವರು ಅಕ್ಕನ ನೆರೆತ ತಲೆ ನೋಡಿದರು. ಯಾರೋ ಕಿಸಕ್ಕೆಂದರು, ಅದು ಪಕ್ಕದವರಿಗೆ ಹರಡಿ ಇಡೀ ಬೆಂಚು ನಕ್ಕಿತು. ಎರಡು ತಿಂಗಳಿಂದ ಅವನು ಹೆದರಿದ್ದು ಈ ನಗುವಿಗೇ. ಅಕ್ಕ ನೆಟ್ಟಗೆ ನಿಂತಿದ್ದಳು, ಕುತ್ತಿಗೆಯ ಪಕ್ಕ ಮಾತ್ರ ಕೆಂಪಾಗಿತ್ತು. ಹೆಂಡತಿ ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಅವನು ಬಣ್ಣ ಮೆತ್ತಿದ ಕೈಯನ್ನು ತಲೆಯ ಮೇಲಕ್ಕೆ ಎತ್ತಿದ.

“ನಾನು” ಅಂದ. ಕೋಣೆಯ ಆ ತುದಿಗೂ ಕೇಳಿಸುವಷ್ಟು ಗಟ್ಟಿಯಾಗಿ ಅಂದ.

ಗುಮಾಸ್ತ ಈಗ ತಲೆಯೆತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ನೀವೇನಾಗ್ಬೇಕು?”

“ತಮ್ಮ. ಸ್ವಂತ ತಮ್ಮ.”

ಗುಮಾಸ್ತ ಪುಸ್ತಕವನ್ನು ಅವನ ಕಡೆ ತಿರುಗಿಸಿ, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ.